ಒಂದೇ ಕೌದಿಯಲ್ಲಿ ಇಬ್ಬರು

1986ರಲ್ಲಿ, ಏಳನೇ ಇಯತ್ತೆ ಮುಗಿಯುವ ಮೊದಲೇ, ನಾನು ಶಾಲೆ ಬಿಟ್ಟೆ. ಫೇಲಾಗಿ ಬಿಟ್ಟದ್ದಲ್ಲ, ಅದನ್ನು ಈಗಲೂ ಒತ್ತಿ ಹೇಳುತ್ತೇನೆ. ಅಪ್ಪನ ಮೊಣಕಾಲು ಹಿಡಿದುಕೊಂಡಿದ್ದವು. ಕಂಬಳಿಯ ಗಂಟು ಹೊತ್ತು ಸಂತೆಗೆ ಹೋಗಲು ಮನೆಯಲ್ಲಿ ಬೇರೆ ಹೆಗಲು ಇರಲಿಲ್ಲ. ನಮ್ಮೂರು ಕುಪ್ಪೇಲೂರಿನಿಂದ ಮೊದಲ ಬಸ್ಸಿನ ಟಾಪಿನ ಮೇಲೆ ಗಂಟು ಏರಿಸಿದರೆ ರಾಣೇಬೆನ್ನೂರು. ಅಲ್ಲಿಂದ ಒಂದು ದಿನ ಹಾವೇರಿ, ಒಂದು ದಿನ ಬ್ಯಾಡಗಿ, ಒಂದು ದಿನ ಕರ್ಜಗಿ. ಹನ್ನೆರಡು ವರ್ಷ ಹಾಗೆ ತಿರುಗಿ ರಾಣೇಬೆನ್ನೂರಿನಲ್ಲಿ ನನ್ನದೇ ಅಂಗಡಿ ಹಾಕಿದೆ. ಬಾಡಿಗೆಯ ಖೋಲಿ, ಆದರೆ ಬೋರ್ಡಿನ ಮೇಲೆ ಅಪ್ಪನ ಹೆಸರು. ಕಾಲೇಜು ಕಲಿತವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಕಂಬಳಿ ಮುಟ್ಟಿ ನೋಡಿ, "ಇದು ಖರೇ ಉಣ್ಣೀದೇನ್ರಿ?" ಎಂದು ನನ್ನನ್ನು ಕೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ಕಂಬಳಿ ಮಾರುವವನಿಗೆ ವೈರಿ ಒಂದೇ, ನುಸಿ. ಒಮ್ಮೆ ಉಣ್ಣೆಯೊಳಗೆ ಹೊಕ್ಕಿತೆಂದರೆ ಒಂದು ಮಳೆಗಾಲದಲ್ಲಿ ಕಂಬಳಿಯನ್ನು ಜರಡಿ ಮಾಡಿಬಿಡುತ್ತದೆ. ಅದಕ್ಕೆ ಮದ್ದು ಡಾಂಬರ ಗುಳಿಗೆ. ಬೆಳ್ಳಗೆ ಗೋಲಿಯಷ್ಟು ದುಂಡಗಿನ ಗುಳಿಗೆ. ಪೊಟ್ಟಣ ಬಿಚ್ಚಿದರೆ ವಾಸನೆ ಹೋಗಿ ಮೂಗಿನ ಬುಡದಲ್ಲಿ ಕೂರುತ್ತದೆ. ಬೇರೆ ಅಂಗಡಿಯವರು ಕಂಬಳಿಗೆ ಒಂದು ಇಟ್ಟರೆ ನಾನು ಮಡಿಕೆ ಮಡಿಕೆಗೂ ಇಡುತ್ತಿದ್ದೆ. ಸಂತೆಯಲ್ಲಿ ಕೂಗುತ್ತಿದ್ದದ್ದೂ ಅದನ್ನೇ: "ನನ್ನ ಕಂಬಳ್ಯಾಗ ಒಂದು ತೂತು ತೋರಸ್ರಿ, ಎರಡು ಕಂಬಳಿ ಪುಕ್ಕಟ ಒಯ್ರಿ!" ಯಾರೂ ಒಯ್ದಿರಲಿಲ್ಲ.

ಆ ವಾಸನೆ ನನ್ನ ಮೈಗೇ ಹತ್ತಿತ್ತು. ಕೈ ತೊಳೆದು ರೊಟ್ಟಿ ಮುರಿದರೂ ರೊಟ್ಟಿಯಲ್ಲಿ ಅದು. ಮಧ್ಯಾಹ್ನ ಕಂಬಳಿಯ ಅಟ್ಟಿಯ ಮೇಲೆ ಅಂಗಾತ ಮಲಗಿ ಒಂದು ತಾಸು ನಿದ್ದೆ ಹೊಡೆಯುತ್ತಿದ್ದೆ. ಒಂದು ದಿನ ತಲೆನೋವು ಬರಲಿಲ್ಲ, ಒಂದು ಸೀನು ಬರಲಿಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದರೆ ನಗು ಬರುತ್ತಿತ್ತು. ನನ್ನ ಮೈ ತಾಳಿದ್ದನ್ನು ಎಲ್ಲರ ಮೈಯೂ ತಾಳಬೇಕು ಎಂದು ನಾನು ಬಾಯಿಬಿಟ್ಟು ಹೇಳಿದವನಲ್ಲ. ಹೇಳುವ ಅಗತ್ಯವೇ ಕಾಣದಷ್ಟು ಅದನ್ನು ನಂಬಿದ್ದೆ.

ಹೆಂಡತಿ ಬ್ಯಾಡಗಿಯವಳು. ಅವಳ ತವರಿನಲ್ಲಿ ಅತ್ತೆ, ಒಬ್ಬ ತಮ್ಮ, ಒಬ್ಬ ತಂಗಿ. ಅತ್ತೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ವರ್ಷದ ನಾಲ್ಕು ತಿಂಗಳು ಅವರ ಬೆರಳು ಕೆಂಪಗೆ ಇರುತ್ತಿದ್ದವು. ಘಾಟಿನಲ್ಲಿ ದಿನವಿಡೀ ಕೂತರೂ ಕೆಮ್ಮದ ಆ ಹೆಂಗಸು ಒಂದು ವಿಷಯಕ್ಕೆ ಮಾತ್ರ ಅಂಜುತ್ತಿದ್ದರು. ಮದುವೆಯ ಹೊಸತರಲ್ಲಿ ಊಟಕ್ಕೆ ಕೂತಾಗ ಒಮ್ಮೆ ಹೇಳಿದರು:

"ನಮ್ಮ ಮನ್ಯಾಗ ಹೆಣ್ಣು ಗಟ್ಟಿ, ಗಂಡು ನಾಜೂಕ ನೋಡ್ರಿ ಅಳಿಯಾರ. ನನ್ನ ಮೊದಲನೇ ಮಗ ಎಂಟ ದಿನದಾಗ ಹಳದಿ ಆಗಿ ಹೋದ. ಇಂವ ಉಳದಾನ ಖರೇ, ಆದ್ರ ಸಣ್ಣಾಂವ ಇದ್ದಾಗ ಚಳಿಜ್ವರದ ಗುಳಿಗಿ ನುಂಗಿ, ಉಚ್ಚಿ ಕರೀ ಚಾದಂಗ ಆಗಿತ್ತು. ನನ್ನ ಅಣ್ಣಂದೂ ಹಂಗ."

ತುತ್ತು ನುಂಗಿ ನಾನು ಹೇಳಿದೆ: "ಹಂಗಾರ ನಿಮ್ಮ ಮನೀ ಗಂಡಸರು ಗಾಜಿನ ಬಳಿ ಇದ್ದಾಂಗ ಅನ್ರಿ ಅತ್ತೀ. ಅರಿವ್ಯಾಗ ಸುತ್ತಿ ಮಾಡದಾಗ ಇಡ್ರಿ."

ಎಲ್ಲರೂ ನಕ್ಕರು. ಪಕ್ಕದಲ್ಲಿ ಉಣ್ಣುತ್ತಿದ್ದ ಹೆಂಡತಿಯ ತಮ್ಮನೂ ನಕ್ಕ. "ಮಾವಾರು ಕಬ್ಬಿಣದ ಕಡಗ ಬಿಡ್ರಿ," ಎಂದ ನನ್ನನ್ನು ತೋರಿಸಿ. ಅತ್ತೆ ನಗಲಿಲ್ಲ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

1999ರಲ್ಲಿ ಮಗಳು ಹುಟ್ಟಿದಳು. ಚೊಚ್ಚಲು, ಹೆರಿಗೆ ತವರಿನಲ್ಲಿ. ಆಗ ಇಲ್ಲಿ, ರಾಣೇಬೆನ್ನೂರಿನ ನಮ್ಮ ಮನೆಯಲ್ಲಿ, ನನ್ನ ಅವ್ವ ಕಣ್ಣಿಗೆ ಕನ್ನಡಕ ಏರಿಸಿ ಕೌದಿ ಹೊಲಿಯಲು ಕೂತಳು. ನಮ್ಮ ಕಡೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಒತ್ತೊತ್ತಾಗಿ ದಾರ ಎಳೆದು ಹೊಲಿಯುವ ಹೊದಿಕೆ ಅದು. ಅವ್ವ ತನ್ನ ನಾಲ್ಕು ಸೀರೆ ಹಾಕಿದಳು, ನಟ್ಟನಡುವೆ, ಆಗಲೇ ತೀರಿಹೋಗಿದ್ದ ಅಪ್ಪನ ಕೆಂಪು ರುಮಾಲಿನ ತುಂಡು. ನಿಧಾನದ ಕೆಲಸ. ಅದು ಮುಗಿಯುವುದರೊಳಗೆ ಮಗಳು ನಡೆಯತೊಡಗಿದ್ದಳು. "ಇರಲಿ ತಗೋ, ಮುಂದಿನ ಕೂಸಿಗೆ ಆಗ್ತೈತಿ," ಎಂದು ಮಡಿಚಿ ನನ್ನ ಕೈಗೆ ಕೊಟ್ಟಳು. 2001ರಲ್ಲಿ ಅವ್ವ ಹೋದಳು. ಕೌದಿಯನ್ನು ನಾನು ಟ್ರಂಕಿನಲ್ಲಿ ಇಟ್ಟೆ. ಅವ್ವನ ಕೈಯ ಕೊನೆಯ ಕೆಲಸ ನುಸಿಯ ಪಾಲಾಗಬಾರದು ಎಂದು ಎರಡು ಹಿಡಿ ಗುಳಿಗೆ ಹಾಕಿದೆ. ಪ್ರತಿ ಯುಗಾದಿಗೆ ಟ್ರಂಕು ತೆಗೆದು, ಕರಗಿ ಸಣ್ಣಗಾದದ್ದನ್ನು ಎಸೆದು ಹೊಸದು ಹಾಕುತ್ತಿದ್ದೆ. ಅಷ್ಟು ಜತನ.

2003ರ ಶ್ರಾವಣದಲ್ಲಿ ಮಗ ಹುಟ್ಟಿದ. ಎರಡನೆಯ ಬಾಣಂತನ ಗಂಡನ ಮನೆಯಲ್ಲಿ, ಹಾಗಾಗಿ ಅತ್ತೆಯೇ ಬ್ಯಾಡಗಿಯಿಂದ ಬಂದಿದ್ದರು. ಮರುದಿನ ಕೂಸು ಮನೆಗೆ ಬಂತು. ಮೂರು ಕಿಲೋ ತೂಗುತ್ತಿದ್ದ, ಅಪ್ಪನದೇ ಹಣೆ. ನಾನು ಟ್ರಂಕು ತೆಗೆದು ಕೌದಿ ಕೊಡವಿದೆ. ಗುಳಿಗೆಗಳು ನೆಲದ ಮೇಲೆ ಟಣಟಣ ಉರುಳಿದವು. ಮಗಳು ಅವುಗಳ ಹಿಂದೆ ಓಡಿದಳು.

ಅತ್ತೆ ಕೌದಿ ಹಿಡಿದು ಮುಖ ಹಿಂದೆ ತೆಗೆದರು. "ಅಳಿಯಾರ, ಇದನ್ನ ತೊಳದು ಎರಡ ದಿನ ಬಿಸಲಿಗೆ ಹಾಕೂಣು. ಹಸೀ ಕೂಸು, ಇಷ್ಟ ವಾಸನಿ ಆಗೂದಿಲ್ಲ."

"ಬಿಸಲ ಎಲ್ಲೈತ್ರಿ ಅತ್ತೀ, ಎಂಟ ದಿನದಿಂದ ಮಳಿ ಹಿಡದೈತಿ. ತೊಳದ್ರ ನಾಮಕರಣದ ತನಕಾ ಒಣಗೂದಿಲ್ಲ."

"ಹಂಗಾರ ನನ್ನ ಹಳೇ ಸೀರ್ಯಾಗ ಸುತ್ತೂಣು."

"ನನ್ನವ್ವ ಹೊಲದಿದ್ದು ಇದು," ಎಂದೆ. ದನಿ ಏರಿತ್ತು. "ನನ್ನ ಟ್ರಂಕಿನ ಅರಿವಿ ಅಂದ್ರ ಆಸ್ಪತ್ರಿಗಿಂತ ಸ್ವಚ್ಛ. ಹದಿನೈದು ವರ್ಷ ಈ ವಾಸನ್ಯಾಗ ಮಲಗೇನಿ, ನನಗೇನಾಗೈತಿ? ನನ್ನ ಮಗ ಅಂವ, ಗಾಜಿನ ಬಳಿ ಅಲ್ಲ."

ಅತ್ತೆ ಕೌದಿ ಮಡಿಚಿ ಮಂಚದ ಮೇಲಿಟ್ಟರು. ಬೀಗರ ಮನೆಯಲ್ಲಿ ಎಷ್ಟು ಮಾತಾಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಹೆಂಡತಿ ಮಂಚದ ಮೇಲಿಂದ, "ಇರ್ಲಿ ಬಿಡಬೇ, ಅವರವ್ವನ ಆಸೆ," ಎಂದಳು.

ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಬಾಣಂತಿಯ ಖೋಲಿಗೆ ತಂಗಾಳಿ ನುಗ್ಗುತ್ತದೆ ಎಂದು ಅಂಗಡಿಯಿಂದ ಎರಡು ಹೊಸ ಕಂಬಳಿ ತಂದು ಒಂದನ್ನು ಕಿಟಕಿಗೆ, ಒಂದನ್ನು ಬಾಗಿಲಿಗೆ ತೂಗುಹಾಕಿದೆ. ಖೋಲಿ ಕತ್ತಲಾಯಿತು, ಬೆಚ್ಚಗಾಯಿತು. ದಿನಾ ಕೂಸಿಗೆ ಎಣ್ಣೆ ತಿಕ್ಕಿ, ಅರಿಷಿಣ ಹಚ್ಚಿ, ಬಿಸಿನೀರು ಹಾಕಿ, ಕೌದಿಯಲ್ಲಿ ಸುತ್ತಿ ಮಲಗಿಸುತ್ತಿದ್ದರು. ತಮ್ಮನ ಪಕ್ಕದಲ್ಲೇ ಮಲಗುತ್ತೇನೆಂದು ನಾಲ್ಕು ವರ್ಷದ ಮಗಳು ಹಟ ಹಿಡಿದಳು. ಕೌದಿ ದೊಡ್ಡದೇ ಇತ್ತು. ಅದರ ಒಂದು ಅರ್ಧ ಕೂಸಿಗೆ, ಇನ್ನೊಂದು ಅರ್ಧ ಅವಳಿಗೆ. ಅವಳು ಅದರ ಅಂಚನ್ನು ಬಾಯಲ್ಲಿ ಚೀಪುತ್ತ ನಿದ್ದೆ ಹೋಗುತ್ತಿದ್ದಳು. ನಾನು ಬಾಗಿಲ ಕಂಬಳಿ ಸರಿಸಿ ಅವರಿಬ್ಬರನ್ನು ನೋಡುತ್ತ ನಿಲ್ಲುತ್ತಿದ್ದೆ. ಅವ್ವ ಇದ್ದಿದ್ದರೆ ಎನ್ನಿಸುತ್ತಿತ್ತು.

ಮನೆಗೆ ಬಂದ ಮೂರನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. "ಶಾಣ್ಯಾ ಕೂಸು, ಅಳೂದ ಇಲ್ಲ," ಎಂದು ನೋಡಲು ಬಂದ ಓಣಿಯ ಹೆಂಗಸರು ಹೊಗಳಿದರು. ಅತ್ತೆ ಒದ್ದೆಯಾದ ಬಿಳಿ ಬಟ್ಟೆಯೊಂದನ್ನು ನನ್ನ ಮುಂದೆ ಹಿಡಿದರು. ಅದರ ಮೇಲೆ ಚಹಾ ಚೆಲ್ಲಿದಂಥ ಕಲೆ.

"ಕೂಸಿನ ಉಚ್ಚಿ ರೀ ಇದು. ನನ್ನ ಮಗಂದೂ ಹಿಂಗ ಆಗಿತ್ತು. ಡಾಕ್ಟರಿಗೆ ತೋರಸೂಣು ನಡೀರಿ."

"ಅರಿಷಿಣ ಹತ್ತೈತ್ರಿ ಅದಕ್ಕ. ಮೈ ತುಂಬ ಅರಿಷಿಣ ಬಡದು, ಹಳದಿ ಆತು ಅಂತ ನೀವ ಅಂಜತೀರಿ."

ಅವತ್ತು ಹಾವೇರಿ ಸಂತೆ. ಮಳೆಗಾಲದ ಸಂತೆ ತಪ್ಪಿಸುವ ಕಂಬಳಿ ವ್ಯಾಪಾರಿ ಎಲ್ಲಿದ್ದಾನೆ? ಹೋದೆ. ಅವತ್ತು ನಿಂತ ಕಾಲಲ್ಲಿ ಮಾರಿದೆ, ಗಂಟಲು ಬಿದ್ದುಹೋಗುವಂತೆ ಕೂಗಿ ಮಾರಿದೆ. ಸಂಜೆ ನಾಲ್ಕಕ್ಕೆ ಮನೆಗೆ ಬಂದರೆ ಅತ್ತೆ ಕೂಸನ್ನು ಅಂಗಳಕ್ಕೆ ತಂದು ನಿಂತಿದ್ದರು. ಅವತ್ತು ಅವರು ಅರಿಷಿಣ ಹಚ್ಚಿರಲಿಲ್ಲ. ಬರೀ ನೀರಿನಲ್ಲಿ ಮೈ ಒರೆಸಿ, ಮೋಡದ ಬೆಳಕಿಗೆ ಹಿಡಿದು, "ಈಗ ನೋಡ್ರಿ," ಎಂದರು. ಅಂಗಾಲಿನವರೆಗೆ ಹಳದಿ. ಕಣ್ಣರೆಪ್ಪೆ ಬಿಡಿಸಿದರೆ ಬಿಳಿಯ ಭಾಗ ಇರಲೇ ಇಲ್ಲ. ತುಟಿ ಮಾತ್ರ ಸುಣ್ಣದಂತೆ ಬಿಳಿಚಿತ್ತು. ಕೂಸು ಅತ್ತಿತು, ಆದರೆ ದನಿ ಕೂಸಿನದಾಗಿರಲಿಲ್ಲ, ಕೀರಲಾಗಿ ಎಲ್ಲೋ ದೂರದಿಂದ ಬಂದಂತಿತ್ತು.

ರಾಣೇಬೆನ್ನೂರಿನ ಡಾಕ್ಟರು ಕೈಯಲ್ಲಿ ಹಿಡಿದು ನೋಡಿದವರೇ ದಾವಣಗೆರೆಗೆ ಚೀಟಿ ಬರೆದರು. ಜೀಪು ಮಾಡಿಕೊಂಡೆವು. ಮಳೆ ಹೊಡೆಯುತ್ತಿತ್ತು. ಕೂಸಿಗೆ ಥಂಡಿ ಹತ್ತಬಾರದೆಂದು ನಾನು ಕೌದಿಯನ್ನು ಎರಡು ಸುತ್ತು ಸುತ್ತಿ, ಎದೆಗೆ ಒತ್ತಿ ಹಿಡಿದುಕೊಂಡೆ. ದಾರಿಯುದ್ದಕ್ಕೂ ಒತ್ತಿಯೇ ಹಿಡಿದಿದ್ದೆ. ಇದನ್ನು ಬರೆಯುವಾಗ ನನ್ನ ಕೈಗಳನ್ನು ನಾನೇ ನೋಡಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ನರ್ಸು ಕೂಸನ್ನು ತೆಗೆದುಕೊಂಡು, ಕೌದಿ ಬಿಚ್ಚಿ, ಮೂಗು ಮುರಿದಳು. ಡಾಕ್ಟರಮ್ಮ ಅಲ್ಲೇ ಇದ್ದರು. ಅವರು ಕೌದಿಯ ಮೂಲೆ ಹಿಡಿದು ಮೂಸಿ, "ಇದರಲ್ಲಿ ನುಸಿ ಗುಳಿಗೆ ಇಟ್ಟಿದ್ದಿರಾ?" ಎಂದು ಕೇಳಿದರು. ಹೌದೆಂದೆ. ಅವರು ಕೌದಿಯನ್ನು ಹೊರಗೆ ಒಯ್ಯಲು ಹೇಳಿ ಲಗುಬಗೆಯಿಂದ ಒಳಗೆ ಹೋದರು. ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿದರು, ಕಣ್ಣಿಗೆ ಪಟ್ಟಿ ಕಟ್ಟಿ. ರಕ್ತ ತೆಗೆದು ಬೇರೆ ರಕ್ತ ಕೊಡಬೇಕೆಂದರು, ಕೊಟ್ಟರು. ಎರಡು ದಿನ ಹೆಂಡತಿ ಹಸಿ ಬಾಣಂತಿ ಮೈಯಲ್ಲಿ ಆ ಪಡಸಾಲೆಯ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಹಾಲು ತುಂಬಿ ಅವಳ ಕುಪ್ಪಸ ತೊಯ್ಯುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ, ಚಹಾದವನು ಬಂದು ಹೋದ ಹೊತ್ತಿಗೆ, ಡಾಕ್ಟರಮ್ಮ ಹೊರಗೆ ಬಂದು ನಮ್ಮ ಪಕ್ಕದಲ್ಲಿ ಕೂತರು. ನಿಂತು ಹೇಳಲಿಲ್ಲ, ಕೂತರು. ಆಗಲೇ ನನಗೆ ಗೊತ್ತಾಯಿತು.

ಹೆಸರಿಡುವ ಮೊದಲೇ ಹೋದ ಮಗ. ಕುಪ್ಪೇಲೂರಿನ ನಮ್ಮ ಹೊಲದಲ್ಲಿ, ಅವ್ವನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಹದಿನೈದು ದಿನದ ನಂತರ ಕೂಸಿನ ರಕ್ತದ ರಿಪೋರ್ಟು ತರಲು ನಾನೊಬ್ಬನೇ ದಾವಣಗೆರೆಗೆ ಹೋದೆ. ಡಾಕ್ಟರಮ್ಮ ಕುರ್ಚಿ ತೋರಿಸಿದರು. ಕಾಗದದ ಮೇಲೆ ಇಂಗ್ಲಿಷಿನಲ್ಲಿ ಮೂರಕ್ಷರದ ಒಂದು ಹೆಸರು, ನಡುವೆ ಆರರ ಅಂಕಿ.

"ಎಲ್ಲರ ರಕ್ತದಲ್ಲೂ ಅದನ್ನು ಕಾಯುವ ಒಂದು ಅಂಶ ಇರುತ್ತೆ," ಎಂದರು. "ಕೆಲವರಿಗೆ ಹುಟ್ಟಿನಿಂದಲೇ ಅದು ತೀರಾ ಕಡಿಮೆ. ಸುಮ್ಮನೆ ಇದ್ದರೆ ಅವರೂ ಎಲ್ಲರ ಹಾಗೇ ಇರ್ತಾರೆ, ಗೊತ್ತೇ ಆಗಲ್ಲ. ಕೆಲವು ಜ್ವರದ ಮಾತ್ರೆ, ಈ ಡಾಂಬರ ಗುಳಿಗೆಯ ವಾಸನೆ, ಇಂಥದ್ದು ತಾಗಿದರೆ ಮಾತ್ರ ರಕ್ತದ ಕಣಗಳು ಒಡೀತವೆ. ಎಳೆಯ ಮಗುವಿಗಂತೂ ಬಹಳ. ಎಣ್ಣೆ ಹಚ್ಚಿದ ಮೈ ಇನ್ನೂ ಬೇಗ ಹೀರಿಕೊಳ್ಳುತ್ತೆ."

ನಾನು ವಾದ ಮಾಡಿದೆ. ನನಗೆ ವಾದ ಬಿಟ್ಟರೆ ಬೇರೆ ಏನೂ ತೋಚಲಿಲ್ಲ. "ನನ್ನ ಮಗಳೂ ಅದ ಕೌದ್ಯಾಗ ಮಲಗಿದ್ಲು ರೀ. ಅದರ ಅಂಚು ಬಾಯಾಗ ಹಾಕ್ಕೊಂಡು ಮಲಗಿದ್ಲು. ಅಕಿಗೆ ಏನೂ ಆಗಿಲ್ಲ. ನಾನಂತೂ ಅದರಾಗ ಬದುಕೇನಿ."

"ನಿಮ್ಮ ರಕ್ತದಲ್ಲಿ ಆ ಕಾಯುವ ಅಂಶ ಇದೆ, ಅದಕ್ಕೆ. ನೀವು ಗಟ್ಟಿ ಅಂತಲ್ಲ. ಆ ಮಗು ನಾಜೂಕು ಅಂತಲೂ ಅಲ್ಲ. ನೀವು ಬೇರೆ, ಅವನು ಬೇರೆ, ಅಷ್ಟೇ." ರಿಪೋರ್ಟು ಮಡಿಚುತ್ತ ಕೇಳಿದರು: "ನಿಮ್ಮ ಹೆಂಡತಿಯ ತವರಲ್ಲಿ ಗಂಡು ಮಕ್ಕಳಿಗೆ ಹೀಗೆ ಆಗಿತ್ತಾ?"

ಆಗಿತ್ತು ಎಂದೆ. ಊಟಕ್ಕೆ ಕೂತಾಗ ಅತ್ತೆ ಹೇಳಿದ್ದೆಲ್ಲ ಒಂದೊಂದಾಗಿ ಹೇಳಿದೆ. ಗಾಜಿನ ಬಳೆಯ ಮಾತು ಹೇಳಲಿಲ್ಲ.

"ತಾಯಿಯಿಂದ ಬರುತ್ತೆ, ಕಾಡೋದು ಹೆಚ್ಚಾಗಿ ಗಂಡು ಮಕ್ಕಳನ್ನು. ತಾಯಿಗೇ ಗೊತ್ತಿರಲ್ಲ, ಅವರ ತಪ್ಪೇನೂ ಇಲ್ಲ. ಈ ಗುಳಿಗೆಯ ವಿಷಯ ನಿಮಗೂ ಗೊತ್ತಿರಲಿಲ್ಲ, ನಿಮ್ಮದೂ ತಪ್ಪಲ್ಲ. ಆದರೆ ಈಗ ಗೊತ್ತಾಯಿತಲ್ಲ, ಮನೆಯಲ್ಲಿ ಎಲ್ಲರಿಗೂ ಹೇಳಿ. ಅವರ ತಂಗಿಗೆ ಹೇಳಿ. ನಿಮ್ಮ ಮಗಳಿಗೆ, ದೊಡ್ಡವಳಾದ ಮೇಲೆ. ಮುಂದೆ ಹುಟ್ಟುವ ಗಂಡು ಮಕ್ಕಳನ್ನು ಉಳಿಸೋದು ಅದೊಂದೇ."

ವಾಪಸು ಬರುವ ಬಸ್ಸಿನಲ್ಲಿ ಹೇಗೆ ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತ ಬಂದೆ. ಮನೆಯಲ್ಲಿ ಹೆಂಡತಿ, ಅತ್ತೆ ಇಬ್ಬರೂ ಎದ್ದು ನಿಂತರು. "ಏನಂದ್ರು ರೀ?" ಎಂದಳು ಹೆಂಡತಿ.

ಕೌದಿ ಅಲ್ಲೇ ಹಗ್ಗದ ಮೇಲಿತ್ತು. ಅವಳು ಅದನ್ನು ತೊಳೆದು ಹಾಕಿದ್ದಳು. ನಡುವೆ ಅಪ್ಪನ ರುಮಾಲಿನ ಕೆಂಪು ತುಂಡು, ಸುತ್ತ ಅವ್ವನ ಸೀರೆಗಳು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ರಕ್ತದಾಗ ಬಂದದ್ದಂತ," ಎಂದೆ. "ತಾಯೀ ಕಡಿಯಿಂದ. ನಿಮ್ಮ ಮನಿತನದ್ದು."

ಅಷ್ಟೇ ಹೇಳಿದೆ. ಒಂದು ಸುಳ್ಳನ್ನೂ ಸೇರಿಸಲಿಲ್ಲ. ಉಳಿದ ಅರ್ಧವನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡೆ. ಅತ್ತೆ ಗೋಡೆ ಹಿಡಿದು ಕೂತರು. ಹೆಂಡತಿ ಅಳಲಿಲ್ಲ. ತನ್ನ ಎರಡೂ ಮುಂಗೈಗಳನ್ನು ತಿರುಗಿಸಿ, ಒಳಗಿನ ನೀಲಿ ನರಗಳನ್ನು ಬಹಳ ಹೊತ್ತು ನೋಡುತ್ತ ಕೂತಳು.

ನಾಳೆ ಹೇಳೋಣ ಎಂದುಕೊಂಡೆ. ಹಬ್ಬ ಮುಗಿಯಲಿ ಎಂದುಕೊಂಡೆ. ರಿಪೋರ್ಟನ್ನು ಅಂಗಡಿಯ ಮೇಲಿನ ಅಟ್ಟದಲ್ಲಿ, ಯಾರೂ ಕೊಳ್ಳದ ಒಂದು ದೊಡ್ಡ ಕಂಬಳಿಯ ಮಡಿಕೆಯಲ್ಲಿ ಇಟ್ಟೆ. ಐದು ವರ್ಷ ಅದು ಅಲ್ಲೇ ಇತ್ತು.

ಆ ಐದು ವರ್ಷ ಅವಳು ಯಾರ ಮನೆಯ ತೊಟ್ಟಿಲ ಕಾರ್ಯಕ್ಕೂ ಹೋಗಲಿಲ್ಲ. ಓಣಿಯಲ್ಲಿ ಯಾರಾದರೂ ಕೂಸನ್ನು ತೊಡೆಯ ಮೇಲೆ ಹಾಕಲು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಇನ್ನೊಂದು ಮಗುವಿನ ಮಾತು ತೆಗೆದರೆ, "ನನ್ನ ರಕ್ತ ಸುಮಾರೈತಿ ರೀ, ಬ್ಯಾಡ," ಎನ್ನುತ್ತಿದ್ದಳು. ಮಗಳಿಗೆ ಮೊಣಕಾಲು ತರಚಿ ರಕ್ತ ಬಂದರೆ ನನ್ನನ್ನು ಕರೆದು ಒರೆಸಲು ಹೇಳುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ. ನಾನು ಒರೆಸುತ್ತಿದ್ದೆ. ಒಮ್ಮೆಯೂ ಬಾಯಿ ತೆಗೆಯಲಿಲ್ಲ.

ಇನ್ನೂ ಒಂದು ಹೇಳಬೇಕು. ಅಂಗಡಿಯಲ್ಲಿ ಗುಳಿಗೆ ಇಡುವುದನ್ನು ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾಕೆಂದು ಕೇಳುತ್ತಾರಲ್ಲ. ಟ್ರಂಕಿನಲ್ಲಿ ಕೌದಿಯ ಮೇಲೆ ಈಗ ಅವಳೇ ಗುಳಿಗೆ ಇಡುತ್ತಿದ್ದಳು, ನಾನು ಕಲಿಸಿದಂತೆ, ಮಡಿಕೆ ಮಡಿಕೆಗೆ. "ಅಂವಂದು ಅಂತ ಉಳದದ್ದು ಇದೊಂದ," ಎಂದು. 2007ರಲ್ಲಿ ಅವಳ ತಂಗಿಯ ಮದುವೆಯಾಯಿತು. ವರ ಬ್ಯಾಡಗಿಯ ಊರೊಳಗಿನವನೇ, ಅತ್ತೆಯ ಮನೆಯಿಂದ ಮುಂದಿನ ಓಣಿ. ಹೊಸ ಟ್ರಂಕು ನನ್ನ ಉಡುಗೊರೆ. ಸೀರೆ ಅರಿವೆ ಜೋಡಿಸಿ, ಎಲ್ಲರ ಎದುರು ಅದರಲ್ಲಿ ಗುಳಿಗೆ ಹಾಕಿಕೊಟ್ಟವನೂ ನಾನೇ. ಡಾಕ್ಟರಮ್ಮ 'ಅವರ ತಂಗಿಗೆ ಹೇಳಿ' ಎಂದದ್ದು ನೆನಪಿತ್ತು. ಆದರೂ ಹಾಕಿದೆ.

2008ರ ಚಳಿಗಾಲದಲ್ಲಿ ಆ ತಂಗಿಗೆ ಗಂಡುಕೂಸು ಹುಟ್ಟಿತು. ಎರಡನೆಯ ದಿನ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ಕೀಲಿ ಪಕ್ಕದ ಮನೆಯಲ್ಲಿತ್ತು. ಆ ಮನೆಯ ಮುದುಕಿ ಕೀಲಿ ಕೊಡುತ್ತ ನಗುತ್ತ ಹೇಳಿದಳು: "ನಿನ್ನ ಹೇಂತಿ ಮಗಳನ್ನ ಕರ್ಕೊಂಡು ಬ್ಯಾಡಗಿಗೆ ಹೋದ್ಲಪಾ. ಐದ ವರ್ಷದ ಮ್ಯಾಲೆ ಅಕಿ ಮಾರಿ ಮ್ಯಾಲೆ ನಗಿ ಕಂಡೆ. ತಂಗೀ ಮಗಗ ಕೌದಿ ಒಯ್ದಾಳ."

ಒಳಗೆ ಹೋದೆ. ಟ್ರಂಕು ತೆರೆದಿತ್ತು. ನೆಲದ ಮೇಲೆ ಎರಡು ಗುಳಿಗೆ ಬಿದ್ದಿದ್ದವು.

ಬಸ್‌ಸ್ಟ್ಯಾಂಡಿಗೆ ಹೇಗೆ ಓಡಿದೆನೋ ನೆನಪಿಲ್ಲ. ಸಿಕ್ಕ ಬಸ್ಸು ಮೋಟೆಬೆನ್ನೂರಿನಲ್ಲಿ ಕೆಟ್ಟು ನಿಂತಿತು. ಮುಂದಿನದು ಬರುವವರೆಗೆ ನಿಲ್ಲಲಾರದೆ ಮೆಣಸಿನಕಾಯಿ ಚೀಲ ಹೇರಿದ್ದ ಟೆಂಪೋ ಹತ್ತಿದೆ. ಚೀಲಗಳ ಮೇಲೆ ಕೂತು, ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತ ಬ್ಯಾಡಗಿ ಮುಟ್ಟಿದೆ. ಅದು ಘಾಟಿನ ನೀರೇ ಎಂದು ಡ್ರೈವರನೂ ನಂಬಿದ, ನಾನೂ ನಂಬಿದೆ.

ಅತ್ತೆಯ ಮನೆಯ ಒಳಗೆ ತೊಟ್ಟಿಲು ತೂಗುತ್ತಿತ್ತು. ಬಗ್ಗಿ ನೋಡಿದೆ. ಕೂಸು ಅತ್ತೆಯ ಹಳೆಯ ನೂಲಿನ ಸೀರೆಯಲ್ಲಿ ಮಲಗಿತ್ತು. ಬೆಳಕು ಇತ್ತು; ಮೈ ಕೆಂಪಗೆ, ಕೂಸಿನ ಬಣ್ಣವೇ ಇತ್ತು. ಕೌದಿ ಎಲ್ಲಿ ಎಂದು ಕೇಳಿದ್ದಕ್ಕೆ ಮಗಳು ಮೇಲೆ ಕೈ ತೋರಿಸಿದಳು.

ಮಾಳಿಗೆಯ ಮೇಲೆ ಒಂದು ಕಡೆ ಮೆಣಸಿನಕಾಯಿ ಹರವಿತ್ತು, ಇನ್ನೊಂದು ಕಡೆ ಹೆಂಡತಿ ಕೌದಿಯನ್ನು ಬಿಸಿಲಿಗೆ ಹೊರಳಿಸಿ ಹಾಕುತ್ತಿದ್ದಳು. "ಅವ್ವ ಎರಡ ದಿನ ಬಿಸಲು ಕೊಟ್ಟ ಹೊರ್ತು ಹಾಕಗೊಡೂದಿಲ್ಲ ಅಂತ ಕುಂತಾಳ," ಎಂದಳು ನಗುತ್ತ. "ಯಾಕ್ರಿ, ಅಂಗಡಿ ಬಿಟ್ಟು ಬಂದೀರಿ? ಮಾರಿ ಯಾಕ ಹಿಂಗಾಗೈತಿ?"

ಆ ಕ್ಷಣ ಸುಮ್ಮನಿದ್ದುಬಿಡಬಹುದಿತ್ತು. ಬಿಸಿಲು ನನ್ನ ಕೆಲಸವನ್ನು ಮಾಡಿಮುಗಿಸುತ್ತಿತ್ತು. ಕೂಸನ್ನು ನೋಡಲು ಬಂದೆ ಎಂದರೆ ನಡೆಯುತ್ತಿತ್ತು. ಆದರೆ ಐದನೆಯ ತಿಂಗಳಿಗೆ ಆ ಕೂಸು ಮುಂದಿನ ಓಣಿಯ ತನ್ನ ಅಪ್ಪನ ಮನೆಗೆ ಹೋಗುತ್ತದೆ. ಅಲ್ಲಿ ನಾನು ತುಂಬಿಕೊಟ್ಟ ಟ್ರಂಕು ಇದೆ. ಯಾವ ದಿನ ಯಾರು ಅದರಿಂದ ಏನು ತೆಗೆದು ಅವನಿಗೆ ಹೊದಿಸುತ್ತಾರೋ ಯಾರಿಗೆ ಗೊತ್ತು?

"ಗುಳಿಗಿ," ಎಂದೆ. "ರಕ್ತದಾಗ ಇದ್ದದ್ದು ಖರೇ. ಆದ್ರ ಬರೇ ರಕ್ತದಿಂದ ಅಂವ ಹೋಗ್ಲಿಲ್ಲ. ಈ ಕೌದ್ಯಾಗಿನ ಗುಳಿಗೀ ವಾಸನಿಗೆ ಹೋದ. ಅದು ತಾಗದಿದ್ರ ಇವತ್ತ ಇರ್ತಿದ್ದ, ಶಾಲಿಗೆ ಹೋಗ್ತಿದ್ದ. ಡಾಕ್ಟರು ಎಲ್ಲಾ ಹೇಳಿದ್ರು. ನಾ ನಿನಗ ಅರ್ಧ ಅಷ್ಟ ಹೇಳಿದೆ."

ಅವಳು ಕೌದಿಯ ಅಂಚನ್ನು ಹಿಡಿದವಳು ಹಾಗೇ ನಿಂತಳು. "ಯಾವತ್ತ ಹೇಳಿದ್ರು?"

"ಅವತ್ತ. ರಿಪೋರ್ಟ್ ತರಾಕ ಹೋಗಿದ್ನೆಲ್ಲಾ, ಅವತ್ತ."

"ಐದ ವರ್ಷ ಆತು."

"ಹೂಂ."

"ಐದ ವರ್ಷ ನಾ ನನ್ನ ಮಗಳ ಗಾಯ ಒರಸ್ಲಿಲ್ಲ," ಎಂದಳು. ದನಿ ಏರಿಸಲಿಲ್ಲ. "ಪ್ರತಿ ಯುಗಾದಿಗೆ ನಾನ ನನ್ನ ಕೈಲೆ ಇದರ ಮ್ಯಾಲೆ ಗುಳಿಗಿ ಇಟ್ಟೆ. ನೀವ ನೋಡ್ತಾ ನಿಂತಿದ್ರಿ."

ನಾನು ಕೆಳಗೆ ಕೂತೆ. ಅವಳು ಕೌದಿ ಬಿಟ್ಟು ಮೆಟ್ಟಿಲಿಳಿದು ಹೋದಳು. ಕೆಳಗೆ ಅವಳು ತನ್ನ ತಾಯಿಗೆ ಹೇಳುವುದು ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ತೊಟ್ಟಿಲಿನ ಕಿರಗುಟ್ಟುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಮೇಲೆ ಬಂದರು. ಬೈಯುತ್ತಾರೆ, ಬೈಯಲಿ ಎಂದು ತಲೆ ತಗ್ಗಿಸಿದೆ. ಅವರು ನನ್ನ ಮುಂದೆ ನೀರಿನ ತಂಬಿಗೆ ಇಟ್ಟರು.

"ಗಾಜಿನ ಬಳಿ ಅಂತ ಗೊತ್ತಿತ್ತಲ್ಲರಿ ಅಳಿಯಾರ," ಎಂದರು. "ಸಾವಕಾಶ ಹಿಡೀಬೇಕಿತ್ತು."

ಅಷ್ಟು ಹೇಳಿ ಮೆಣಸಿನಕಾಯಿ ಹೊರಳಿಸಲು ಹೋದರು. ಅವರು ಬೈದಿದ್ದರೆ ನಾನು ಎದ್ದು ಮನೆಗೆ ಹೋಗುತ್ತಿದ್ದೆನೇನೋ.

ಮರುದಿನ, ದಾರಿಯಲ್ಲಿ ಅಂಗಡಿಯ ಅಟ್ಟದಿಂದ ರಿಪೋರ್ಟು ಇಳಿಸಿಕೊಂಡು, ಕೂಸನ್ನು ಕರೆದುಕೊಂಡು ಎಲ್ಲರೂ ದಾವಣಗೆರೆಗೆ ಹೋದೆವು. ಅವನ ರಕ್ತದಲ್ಲೂ ಆ ಕಾಯುವ ಅಂಶ ತೀರಾ ಕಡಿಮೆ ಎಂದೇ ಬಂತು. ಯಾವ ಮಾತ್ರೆ ಕೊಡಬಾರದು, ಯಾವುದು ಮನೆಯಲ್ಲಿ ಇರಬಾರದು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಹೆಂಡತಿಯ ತಮ್ಮನೂ ತೋಳು ಚಾಚಿ ರಕ್ತ ಕೊಟ್ಟ, ಅವನದೂ ಹಾಗೇ. ಅವನು ಮೆಣಸಿನಕಾಯಿ ಚೀಲ ಹೊರುವ ಆಳು, ಒಂದು ಕೈಯಲ್ಲಿ ನನ್ನನ್ನು ಎತ್ತಬಲ್ಲ. ಮುಂದಿನ ಓಣಿಯ ಮನೆಯ ಟ್ರಂಕನ್ನು ನಾನೇ ಖಾಲಿ ಮಾಡಿ, ಬಿಸಿನೀರಿನಲ್ಲಿ ತೊಳೆದು, ಎಂಟು ದಿನ ಬಿಸಿಲಿಗೆ ಇಟ್ಟೆ. ಅಂಗಡಿಯ ಗುಳಿಗೆಯನ್ನೆಲ್ಲ ತೆಗೆದು, ಊರ ಹೊರಗೆ ಗುಂಡಿ ತೋಡಿ ಹೂತೆ.

ಹೆಂಡತಿ ಮೂರು ತಿಂಗಳು ಬ್ಯಾಡಗಿಯಲ್ಲೇ ಉಳಿದಳು. ದಿನಾ ಆ ಕೂಸಿಗೆ ಎಣ್ಣೆ ತಿಕ್ಕಿ ಎರೆಯುತ್ತಿದ್ದವಳು ಅವಳೇ ಎಂದು ಮಗಳು ಹೇಳಿದಳು. ಮಗಳ ಪರೀಕ್ಷೆ ಹತ್ತಿರ ಬಂತೆಂದು ಮನೆಗೆ ಬಂದಳು. ಬುತ್ತಿ ಕಟ್ಟಿಕೊಡುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. "ರೀ" ಎಂದು ಕರೆಯುವುದನ್ನು ಬಿಟ್ಟಿದ್ದಾಳೆ. ಈಚೆಗೆ ಮಗಳು ಸೈಕಲ್ಲಿನಿಂದ ಬಿದ್ದು ಬಂದಾಗ ನಾನು ಬಟ್ಟೆ ತರಲು ಎದ್ದೆ. ಅವಳು ಕೈಯಿಂದ ನನ್ನನ್ನು ತಡೆದು, ತನ್ನ ಸೆರಗಿನಿಂದ ಆ ರಕ್ತ ಒರೆಸಿದಳು. ಬಹಳ ಹೊತ್ತು ಒರೆಸಿದಳು.

ಸಂತೆಯಲ್ಲಿ ನಾನು ಈಗ ಕೂಗುವುದಿಲ್ಲ. ಗಿರಾಕಿ ಕಂಬಳಿ ಬಿಚ್ಚಿ ತೂತಿನಲ್ಲಿ ಬೆರಳು ತೂರಿಸಿ, "ಏನ್ರಿ ಸಾವಕಾರ್ರ, ಇದೇನಿದು?" ಎಂದು ನಗುತ್ತಾನೆ. ನುಸಿ ರೀ, ಎನ್ನುತ್ತೇನೆ.

ಇದು 2009. ಈಗ ನನ್ನ ಹತ್ತಿರ ಇರುವುದು ಇಷ್ಟು. ಬಾಡಿಗೆಯ ಅಂಗಡಿ ಒಂದು. ಕಂಬಳಿ ನಲವತ್ತೊಂದು, ಅದರಲ್ಲಿ ಒಂಬತ್ತಕ್ಕೆ ತೂತು. ಬೇವಿನ ಸೊಪ್ಪು ಹಾಕಿದ ಟ್ರಂಕು ಒಂದು, ಅದರಲ್ಲಿ ಕೌದಿ ಒಂದು. ಮಗಳು ದೊಡ್ಡವಳಾದ ಮೇಲೆ ಅವಳ ಕೈಗೆ ಕೊಡಬೇಕಾದ ರಿಪೋರ್ಟು ಒಂದು. ಹೆಂಡತಿ ಒಬ್ಬಳು. ಮಗಳು ಒಬ್ಬಳು. ಕುಪ್ಪೇಲೂರಿನ ಹೊಲದಲ್ಲಿ ಅಪ್ಪನದು, ಅವ್ವನದು, ಮಗನದು, ಮೂರು ಮಣ್ಣು.